ರಫೇಲ್ ಮುಂದೆ ಕೂತು ಕಲಿತದ್ದು

ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಲ್ಲಿ ಹಳೆಯ ಚಿತ್ರವೊಂದರ ಎದುರು ಕೂತು ಅದನ್ನು ನಕಲು ಮಾಡಲು ಅನುಮತಿ ಕೇಳಬಹುದು. ಹೆಸರಾದ ಕಲಾವಿದರೇ ಆಗಬೇಕೆಂದಿಲ್ಲ. ವಿದ್ಯಾರ್ಥಿಗಳೂ ಹವ್ಯಾಸಿಗಳೂ ಕೇಳಬಹುದು. ಸಿಕ್ಕರೆ ಮೂರು ತಿಂಗಳ ಕಾಲ ಬೆಳಿಗ್ಗೆ ಒಂಬತ್ತೂವರೆಯಿಂದ ಮಧ್ಯಾಹ್ನ ಒಂದೂವರೆಯವರೆಗೆ ಆ ಜಾಗ ನಮ್ಮದು. ಈಸೆಲ್ಲನ್ನು ಮ್ಯೂಸಿಯಂನವರೇ ಕೊಡುತ್ತಾರೆ. ಕಟ್ಟುಪಾಡುಗಳೂ ಇವೆ. ಮೂಲ ಕಲಾವಿದನ ಸಹಿಯನ್ನು ನಕಲು ಮಾಡುವಂತಿಲ್ಲ. ಕ್ಯಾನ್ವಾಸಿಗೆ ಮ್ಯೂಸಿಯಂನ ಮುದ್ರೆ ಬೀಳಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ನಕಲು ಮೂಲದ ಅಳತೆಯಲ್ಲಿ ಇರಬಾರದು. ಐದನೇ ಒಂದು ಪಾಲಿನಷ್ಟು ಚಿಕ್ಕದಾಗಿರಬೇಕು, ಇಲ್ಲವೇ ಅಷ್ಟೇ ದೊಡ್ಡದಾಗಿರಬೇಕು. ನಕಲನ್ನು ಯಾರೂ ಅಸಲು ಎಂದು ಮಾರದಿರಲಿ ಎಂದು ಮಾಡಿದ ನಿಯಮವಿದು. ಆದರೆ ತೈಲವರ್ಣದಲ್ಲಿ ಭಾವಚಿತ್ರ ಬರೆಯಲು ನನಗೆ ಮೊದಲ ಪಾಠ ಹೇಳಿದ್ದು ಈ ನಿಯಮವೇ.

ಮೈಸೂರಿನಲ್ಲಿ ಚಿತ್ರಕಲೆ ಓದುವಾಗ ನನ್ನ ಕೈಗೆ ಒಗ್ಗಿದ್ದು ಪೆನ್ಸಿಲ್ ಮತ್ತು ಜಲವರ್ಣ. ತೈಲವರ್ಣದ ಭಾವಚಿತ್ರಗಳ ನನ್ನ ಪರಿಚಯವೆಲ್ಲ ಜಗನ್ಮೋಹನ ಅರಮನೆಯಲ್ಲಿ ರವಿವರ್ಮನ ಚಿತ್ರಗಳ ಮುಂದೆ ನಿಂತು ಬಂದದ್ದು. ಆ ಕೆನ್ನೆಯ ದುಂಡು, ಆ ರೇಷ್ಮೆಯ ಹೊಳಪು ಎಲ್ಲಿಂದ ಶುರುವಾಗಿ ಹೇಗೆ ಅಲ್ಲಿಗೆ ಬಂದು ಮುಟ್ಟಿತು ಎಂಬ ಪ್ರಶ್ನೆ ಮನಸ್ಸಿನಲ್ಲಿ ಉಳಿದೇ ಇತ್ತು. ಮುಂದೆ ಮದುವೆಯಾಯಿತು, ಗಂಡನ ಕೆಲಸದ ದೆಸೆಯಿಂದ ಪ್ಯಾರಿಸ್ಸಿಗೆ ಬಂದೆವು. ಮಗಳು ಶಾಲೆಗೆ ಹೋಗತೊಡಗಿದ ಮೇಲೆ ಬೆಳಗಿನ ಹೊತ್ತು ನನ್ನದಾಯಿತು. ಲೂವ್ರ್‌ಗೆ ಅರ್ಜಿ ಹಾಕಿದೆ. ಯಾವ ಚಿತ್ರ ಎಂದು ಕೇಳಿದ ಕಡೆ ಬರೆದದ್ದು ರಫೇಲ್‌ನ ಬಲ್ದಸ್ಸಾರೆ ಕಾಸ್ತಿಲ್ಯೋನೆಯ ಭಾವಚಿತ್ರದ ಹೆಸರು.

ಇದು 1514-15ರ ಸುಮಾರಿನದು. ಎತ್ತರ 82 ಸೆಂಟಿಮೀಟರ್, ಅಗಲ 67. ಕಾಸ್ತಿಲ್ಯೋನೆ ಊರ್ಬಿನೊ ದೊರೆಯ ರಾಯಭಾರಿಯಾಗಿ ರೋಮಿನಲ್ಲಿದ್ದವನು, ಬರಹಗಾರ, ರಫೇಲ್‌ನ ಸ್ನೇಹಿತ. ಚಳಿಗಾಲದ ಉಡುಪಿನಲ್ಲಿ ಕೂತಿದ್ದಾನೆ: ಕಪ್ಪು ಟೋಪಿ, ಬೂದು ತುಪ್ಪಳದ ತೋಳು, ಎದೆಯಲ್ಲಿ ಉಬ್ಬಿದ ಬಿಳಿ ಅಂಗಿ, ಹೆಣೆದ ಕೈಗಳು, ನೀಲಿ ಕಣ್ಣು. ಹಿಂದೆ ಕಿಟಕಿಯಿಲ್ಲ, ಬೆಟ್ಟವಿಲ್ಲ, ಪರದೆಯಿಲ್ಲ. ಬೆಚ್ಚನೆಯ ಬೂದು ಬಣ್ಣವೊಂದೇ. ಇಷ್ಟು ಕಡಿಮೆ ಸಾಮಗ್ರಿಯಲ್ಲಿ ಒಬ್ಬ ಮನುಷ್ಯ ಇಷ್ಟು ಪೂರ್ತಿಯಾಗಿ ಬಂದು ಕೂತಿರುವುದನ್ನು ನಾನು ಬೇರೆಲ್ಲೂ ಕಂಡಿರಲಿಲ್ಲ. ಜನರೆಲ್ಲ ಹತ್ತಿರದ ಸಭಾಂಗಣದಲ್ಲಿರುವ ಮೋನಾಲಿಸಾಳನ್ನು ನೋಡಲು ಸಾಲುಸಾಲಾಗಿ ಹೋಗುತ್ತಿದ್ದರು. ಈತನ ಮುಂದೆ ನಿಲ್ಲುವವರು ಕಡಿಮೆ. ಆದರೆ ಈತ ಕೂತಿರುವ ಭಂಗಿಯಲ್ಲಿ ಆಕೆಯ ಭಂಗಿಯಿದೆ. ರಫೇಲ್ ತನ್ನ ಇಪ್ಪತ್ತರ ಹರೆಯದಲ್ಲಿ ಫ್ಲಾರೆನ್ಸಿನಲ್ಲಿ ಲಿಯೊನಾರ್ಡೊನ ಕೆಲಸವನ್ನು ಕಣ್ಣಾರೆ ಕಂಡು ಕಲಿತವನು.

ಕಾಸ್ತಿಲ್ಯೋನೆ ಆಸ್ಥಾನದಲ್ಲಿ ಇರುವವರ ನಡೆನುಡಿಯ ಬಗ್ಗೆ ಪುಸ್ತಕವೊಂದನ್ನು ಬರೆದ. 1528ರಲ್ಲಿ ವೆನಿಸ್ಸಿನಲ್ಲಿ ಅಚ್ಚಾಯಿತು. ಕಷ್ಟಪಟ್ಟು ಕಲಿತದ್ದನ್ನು ಕಷ್ಟವೇ ಇಲ್ಲವೆಂಬಂತೆ ಮಾಡಿ ತೋರಿಸುವುದರಲ್ಲಿ ಸೊಬಗಿದೆ ಎನ್ನುವುದು ಅದರ ಮುಖ್ಯ ವಿಚಾರಗಳಲ್ಲೊಂದು. ರಫೇಲ್ ಅವನನ್ನು ಬರೆದಿರುವ ರೀತಿಯೂ ಅದೇ. ಬಣ್ಣ ತೆಳು, ಕುಂಚದ ಆರ್ಭಟವಿಲ್ಲ, ಎಲ್ಲವೂ ತಾನಾಗಿ ಆದಂತಿದೆ. ನೋಡುವವರಿಗೆ ಅದು ಸಂತೋಷ. ಕಲಿಯುವವರಿಗೆ ಅದೇ ಗೋಡೆ: ಶ್ರಮವನ್ನು ಮುಚ್ಚಿಟ್ಟ ಕೆಲಸದಿಂದ ಶ್ರಮದ ದಾರಿ ತಿಳಿಯುವುದು ಹೇಗೆ? ಆ ದಾರಿಯಲ್ಲಿ ತಾನೇ ನಡೆದು ನೋಡಬೇಕು. ನಕಲು ಮಾಡುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಫ್ರಾನ್ಸಿನ ಬಣ್ಣದ ಅಂಗಡಿಗಳಲ್ಲಿ ಭಾವಚಿತ್ರಕ್ಕೆಂದು ಗೊತ್ತಾದ ಅಳತೆಯ ಕ್ಯಾನ್ವಾಸುಗಳು ಸಿಗುತ್ತವೆ. ಅದರಲ್ಲಿ 15ನೇ ನಂಬರಿನದು 65 ಸೆಂಟಿಮೀಟರ್ ಎತ್ತರ, 54 ಅಗಲ. ಮೂಲದಿಂದ ಐದನೇ ಒಂದು ಪಾಲು ಕಳೆದರೆ ಹೆಚ್ಚುಕಡಿಮೆ ಅಷ್ಟೇ. ಅದನ್ನೇ ತಂದೆ. ಈಸೆಲ್ ಮೇಲೆ ಇಟ್ಟು ಮೊದಲ ಗೆರೆ ಎಳೆಯುವಾಗಲೇ ನಿಯಮದ ಬೆಲೆ ತಿಳಿಯಿತು. ಅಳತೆ ಒಂದೇ ಆಗಿದ್ದರೆ ಮೂಗು ಇಷ್ಟು ಸೆಂಟಿಮೀಟರ್, ಹಣೆ ಇಷ್ಟು ಎಂದು ಎತ್ತಿ ಇಡಬಹುದಿತ್ತು. ಅಳತೆ ಬೇರೆಯಾದಾಗ ಯಾವ ಅಂಕಿಯೂ ಉಪಯೋಗಕ್ಕೆ ಬರುವುದಿಲ್ಲ, ಅನುಪಾತವೊಂದೇ ಬರುತ್ತದೆ. ಒಂದು ಕಣ್ಣಿನ ಅಗಲವನ್ನು ಅಳತೆಗೋಲು ಮಾಡಿಕೊಂಡು, ಕೈ ನೀಟಾಗಿ ಚಾಚಿ, ಕುಂಚದ ಹಿಡಿಕೆಯ ಮೇಲೆ ಹೆಬ್ಬೆರಳಿಟ್ಟು ಅಳೆಯತೊಡಗಿದೆ. ಎರಡು ಕಣ್ಣುಗಳ ನಡುವಿನ ಜಾಗ ಆ ಅಗಲಕ್ಕೆ ಹೋಲಿಸಿದರೆ ಎಷ್ಟು? ಮೂಗಿನ ತುದಿಯಿಂದ ನೇರ ಕೆಳಗೆ ದಾರ ಇಳಿಬಿಟ್ಟರೆ ಅದು ಗಡ್ಡದ ಯಾವ ಕಡೆ ಬೀಳುತ್ತದೆ? ಟೋಪಿಯ ಅಗಲಕ್ಕೂ ಭುಜದ ಅಗಲಕ್ಕೂ ಏನು ಸಂಬಂಧ? ಹೀಗೆ ಕೇಳುತ್ತಾ ಹೋದಂತೆ ಕಣ್ಣು, ಮೂಗು, ಬಾಯಿ ಎಂಬ ಬಿಡಿಬಿಡಿ ಸಂಗತಿಗಳು ಕರಗಿ, ಒಂದು ದೂರಕ್ಕೂ ಇನ್ನೊಂದು ದೂರಕ್ಕೂ ಇರುವ ನಂಟು ಮಾತ್ರ ಉಳಿಯಿತು. ಹೋಲಿಕೆ ಇರುವುದು ಆ ನಂಟಿನಲ್ಲಿ. ಕಣ್ಣನ್ನು ಎಷ್ಟು ಚೆಂದ ಬರೆದರೂ ಅದು ಇರಬೇಕಾದ ಜಾಗದಲ್ಲಿ ಇಲ್ಲದಿದ್ದರೆ ಆ ಮನುಷ್ಯ ಅಲ್ಲಿಲ್ಲ.

ರೇಖೆ ನಿಂತ ಮೇಲೆ ಬಣ್ಣ. ಜಲವರ್ಣದವರಿಗೆ ಬೆಳಕೆಂದರೆ ಕಾಗದದ ಬಿಳುಪು. ಅದನ್ನು ಕಾಪಾಡಿಕೊಳ್ಳುವುದೇ ವಿದ್ಯೆ. ತೈಲವರ್ಣದಲ್ಲಿ ಬೆಳಕನ್ನು ಕತ್ತಲೆಯ ಮೇಲೆ ಕಟ್ಟುತ್ತಾ ಬರಬೇಕು. ರಾ ಅಂಬರ್ ಎಂಬ ಕಂದು ಬಣ್ಣವನ್ನು ಟರ್ಪೆಂಟೈನಿನಲ್ಲಿ ತೆಳುವಾಗಿಸಿ ಇಡೀ ಕ್ಯಾನ್ವಾಸಿಗೆ ಬಳಿದೆ. ಅದರ ಮೇಲೆ ಅಂಬರ್ ಮತ್ತು ಬಿಳಿ, ಇವೆರಡರಲ್ಲೇ ಇಡೀ ತಲೆಯನ್ನೂ ಕೈಗಳನ್ನೂ ಬರೆದೆ. ಕೆಂಪಿಲ್ಲ, ನೀಲಿಯಿಲ್ಲ, ನೆರಳು ಎಲ್ಲಿ, ಬೆಳಕು ಎಲ್ಲಿ ಎಂಬುದಷ್ಟೇ. ಈ ಒಳಪದರ ಆರಿದ ಮೇಲೆ ಮೈಬಣ್ಣ.

ಆರುವುದು ಎಂದೆ. ತೈಲವರ್ಣ ಒದ್ದೆ ಬಟ್ಟೆ ಆರಿದ ಹಾಗೆ ಆರುವುದಿಲ್ಲ. ಅಗಸೆ ಎಣ್ಣೆ ಗಾಳಿಯಲ್ಲಿರುವ ಆಮ್ಲಜನಕವನ್ನು ಹೀರಿಕೊಂಡು ಗಟ್ಟಿಯಾಗುತ್ತದೆ. ಅಂಬರ್ ಮಣ್ಣಿನಲ್ಲಿ ಮ್ಯಾಂಗನೀಸ್ ಇರುವುದರಿಂದ ಅದು ಬೇಗ ಗಟ್ಟಿಯಾಗುತ್ತದೆ. ಐವರಿ ಬ್ಲ್ಯಾಕ್ ಎಂಬ ಕಪ್ಪು ದಿನಗಟ್ಟಲೆ ಹಸಿಯಾಗಿಯೇ ಇರುತ್ತದೆ. ಬೇಗ ಆರುವುದು ಕೆಳಗೆ, ನಿಧಾನದ್ದು ಮೇಲೆ. ಎಣ್ಣೆ ಕಡಿಮೆಯಿರುವ ಪದರ ಮೊದಲು, ಹೆಚ್ಚಿರುವುದು ಆಮೇಲೆ. ಇದು ಅದಲುಬದಲಾದರೆ ಮೇಲಿನ ಪದರ ಮುಂದೊಂದು ದಿನ ಬಿರುಕು ಬಿಡುತ್ತದೆ. ಹಾಗಾಗಿ ತೈಲಚಿತ್ರವೊಂದನ್ನು ಬರೆಯುವವನು ಇವತ್ತಿನ ಕುಂಚವನ್ನು ಆಡಿಸುವಾಗ ಮುಂದಿನ ವಾರದ ಕೆಲಸವನ್ನೂ ಯೋಚಿಸಿರಬೇಕು. ರಫೇಲ್‌ನ ಚಿತ್ರದಲ್ಲಿ ಕಾಣುವ ನಿರಾಳ ಆ ಮುಂದಾಲೋಚನೆಯ ಫಲ. ಅವನ ಕಪ್ಪು ಕೊನೆಯವರೆಗೂ ಮೃದುವಾಗಿಯೇ ಇದೆ. ಅಂಚುಗಳಲ್ಲಿ ಹಿನ್ನೆಲೆಯೊಳಗೆ ಸೇರಿಹೋಗುತ್ತದೆ.

ನನ್ನ ಪಕ್ಕದಲ್ಲಿ ಬೇರೊಂದು ಇಟಾಲಿಯನ್ ಚಿತ್ರವನ್ನು ನಕಲು ಮಾಡುತ್ತಿದ್ದ ವಯಸ್ಸಾದ ಹೆಂಗಸೊಬ್ಬರು ಇದ್ದರು. ದಶಕಗಳಿಂದ ಅಲ್ಲಿಗೆ ಬರುತ್ತಿದ್ದವರು. ಮಾತು ಕಡಿಮೆ. ಒಂದು ಬೆಳಿಗ್ಗೆ ನಾನು ಕೆನ್ನೆಯ ನೆರಳಿಗೆ ಬಣ್ಣ ಕಲಸುತ್ತಿದ್ದಾಗ ತಮ್ಮ ಪೆಟ್ಟಿಗೆಯಿಂದ ಬೂದು ರಟ್ಟಿನ ತುಂಡೊಂದನ್ನು ತೆಗೆದು ಕೊಟ್ಟರು. ನಡುವೆ ಕಡಲೆಕಾಳಿನಷ್ಟು ತೂತು.

"ಒಂದು ಕಣ್ಣು ಮುಚ್ಚಿ ಇದರೊಳಗಿಂದ ನೋಡಿ, ಮದಾಂ. ಏನು ಕಾಣುತ್ತದೆ?"

ಕೆನ್ನೆಯ ಮೇಲೆ ತೂತನ್ನು ನಿಲ್ಲಿಸಿ ನೋಡಿದೆ. ಕೆನ್ನೆ ಮಾಯವಾಗಿತ್ತು. ಅಲ್ಲಿದ್ದದ್ದು ಹಸಿರು ಮಿಶ್ರಿತ ಬೂದಿನ ಒಂದು ಚುಕ್ಕೆ.

"ಹಸಿರು," ಎಂದೆ.

"ಈಗ ರಟ್ಟು ತೆಗೆಯಿರಿ."

ತೆಗೆದೆ. ಮತ್ತೆ ಅದು ಬೆಚ್ಚಗಿನ ಮನುಷ್ಯನ ಕೆನ್ನೆ.

"ಬಣ್ಣದ ಹೆಸರು ಮರೆತುಬಿಡಿ," ಎಂದರು. "ಪಕ್ಕದ್ದಕ್ಕಿಂತ ಕಪ್ಪೇ, ಬಿಳುಪೇ? ಬಿಸಿಯೇ, ತಂಪೇ? ಇಷ್ಟೇ ಕೇಳಿಕೊಳ್ಳಿ."

ಆಮೇಲೆ ಆ ರಟ್ಟಿನೊಳಗಿಂದ ಇಡೀ ಚಿತ್ರವನ್ನು ಅಂಗುಲ ಅಂಗುಲವಾಗಿ ಓದಿದೆ. ಕಣ್ಣಿನ ಬಿಳಿ ಬಿಳಿಯಲ್ಲ. ಎದೆಯ ಮೇಲಿನ ಅಂಗಿಯ ಪಕ್ಕದಲ್ಲಿ ಇಟ್ಟು ನೋಡಿದರೆ ಗಾಢವಾದ ಬೂದು. ಕಪ್ಪು, ಬಿಳಿ, ಚೂರು ಯೆಲ್ಲೋ ಓಕರ್ ಸೇರಿಸಿ ಕಲಸಿದ ಆ ಬೂದನ್ನು ಪ್ಯಾಲೆಟ್ ಮೇಲೆ ನೋಡಿದರೆ ಕೆಸರಿನ ಬಣ್ಣ. ಅದನ್ನೇ ಕುಂಚದ ತುದಿಯಲ್ಲಿ ಎತ್ತಿ ರೆಪ್ಪೆಯ ಕೆಳಗೆ ಇಟ್ಟ ಕ್ಷಣ ಅದು ಒದ್ದೆಯಾಗಿ, ಗುಂಡಾಗಿ, ಬಿಳಿಯಾಗಿ ನಿಂತಿತು. ಬದಲಾದದ್ದು ಬಣ್ಣವಲ್ಲ, ಅದರ ನೆರೆಹೊರೆ. ಹಾಗೆಯೇ ಮೈಬಣ್ಣವನ್ನು ಗಾಢ ಒಳಪದರದ ಮೇಲೆ ತೀರಾ ತೆಳುವಾಗಿ ಎಳೆದರೆ ಅದು ನೀಲಿಗೆ ತಿರುಗುತ್ತದೆ. ನೀಲಿಯನ್ನು ಬೆರೆಸಬೇಕಾಗಿಯೇ ಇಲ್ಲ. ಬೆಳಕಿನಿಂದ ನೆರಳಿಗೆ ದಾಟುವ ಕಡೆ, ಕಣ್ಣಿನ ಕೆಳಗೆ, ಚರ್ಮದಡಿಯಲ್ಲಿ ರಕ್ತನಾಳ ಇರುವಂತೆ ಅನ್ನಿಸುವ ತಂಪು ಹುಟ್ಟುವುದು ಹೀಗೆ. ಪುಸ್ತಕದಲ್ಲಿ ಎಷ್ಟೋ ಸಲ ಓದಿದ್ದ ಈ ಮಾತು ನನ್ನ ಕುಂಚದ ಕೆಳಗೆ ನಡೆದಾಗ ಆದ ಸಂತೋಷವನ್ನು ಇವತ್ತಿಗೂ ಮರೆತಿಲ್ಲ.

ಅಂಚುಗಳು ಇನ್ನೊಂದು ಪಾಠ. ಕಾಸ್ತಿಲ್ಯೋನೆಯ ಟೋಪಿ ಒಂದೇ ಕಪ್ಪು ಆಕಾರ ಎಂದು ತೋರುತ್ತದೆ. ಹತ್ತಿರ ಹೋಗಿ ಅದರ ಸುತ್ತ ಕಣ್ಣಾಡಿಸಿದರೆ ಒಂದು ಕಡೆ ಅಂಚು ಚೂಪು, ಇನ್ನೊಂದು ಕಡೆ ಮಂಕು, ಮತ್ತೊಂದು ಕಡೆ ಎಲ್ಲಿ ಟೋಪಿ ಮುಗಿದು ಎಲ್ಲಿ ಗಾಳಿ ಶುರುವಾಯಿತು ಎಂದು ಹೇಳುವುದೇ ಕಷ್ಟ. ಚೂಪಾದ ಅಂಚು ಕಣ್ಣನ್ನು ಎಳೆದುಕೊಳ್ಳುತ್ತದೆ, ಮಂಕಾದದ್ದು ಮುಂದಕ್ಕೆ ಕಳಿಸುತ್ತದೆ. ಹೀಗೆ ನಮ್ಮ ನೋಟವನ್ನು ಟೋಪಿಯಿಂದ, ಗಡ್ಡದಿಂದ, ತುಪ್ಪಳದಿಂದ ಮೆಲ್ಲಗೆ ಜಾರಿಸಿ ಮತ್ತೆ ಮತ್ತೆ ಆ ಎರಡು ಕಣ್ಣುಗಳಿಗೆ ತಂದು ನಿಲ್ಲಿಸುವ ಏರ್ಪಾಡು ಇಡೀ ಚಿತ್ರದಲ್ಲಿದೆ. ತುಪ್ಪಳದ ಕೂದಲನ್ನು ಒಂದೊಂದಾಗಿ ಬರೆದಿಲ್ಲ. ಬೆಳಕು ತಿರುಗುವ ಕಡೆ ನಾಲ್ಕಾರು ಒಣ ಕುಂಚದ ಎಳೆತ, ಅಷ್ಟೇ. ಮಿಕ್ಕದ್ದನ್ನು ನೋಡುವವರ ಕಣ್ಣು ತುಂಬಿಕೊಳ್ಳುತ್ತದೆ. ಏನು ಬರೆಯಬೇಕೆಂದು ಕಲಿಸುವವರು ಬಹಳ. ಏನನ್ನು ಬಿಡಬೇಕೆಂದು ಇಷ್ಟು ಸ್ಪಷ್ಟವಾಗಿ ನನಗೆ ಕಲಿಸಿದವನು ರಫೇಲ್.

ಈ ಚಿತ್ರದ ಮುಂದೆ ನನಗಿಂತ ಮೊದಲು ಕಲಿತವರ ಸಾಲು ದೊಡ್ಡದು. ರೂಬೆನ್ಸ್ ಇದನ್ನು ನಕಲು ಮಾಡಿದ. ಆ ನಕಲು ಈಗ ಲಂಡನ್ನಿನ ಕೋರ್ಟೋಲ್ಡ್ ಸಂಗ್ರಹದಲ್ಲಿದೆ. 1639ರಲ್ಲಿ ಚಿತ್ರ ಆಮ್‌ಸ್ಟರ್‌ಡ್ಯಾಮಿನಲ್ಲಿ ಹರಾಜಿಗೆ ಬಂದಾಗ ರೆಂಬ್ರಾಂಟ್ ಅದರ ರೇಖಾಚಿತ್ರ ಮಾಡಿಕೊಂಡು, 3500 ಗಿಲ್ಡರಿಗೆ ಮಾರಾಟವಾಯಿತೆಂದು ಪಕ್ಕದಲ್ಲೇ ಬರೆದಿಟ್ಟ. ಮರುವರ್ಷ ತನ್ನದೇ ಭಾವಚಿತ್ರ ಬರೆದಾಗ ಈ ಭಂಗಿ ಅದರೊಳಗೆ ಇಳಿದಿತ್ತು. ಆದರೂ ಅದನ್ನು ರೆಂಬ್ರಾಂಟ್ ಅಲ್ಲ ಎಂದು ಯಾರೂ ಹೇಳಲಾರರು. 17ನೇ ಶತಮಾನದ ಕೆಲವು ನಕಲುಗಳಲ್ಲಿ ಕಾಸ್ತಿಲ್ಯೋನೆಯ ಕೈಗಳು ಪೂರ್ತಿ ಕಾಣುತ್ತವೆ; ಮೂಲದಲ್ಲಿ ಅವು ಕೆಳ ಅಂಚಿಗೆ ಕಡಿದುಹೋಗಿವೆ. ಕ್ಯಾನ್ವಾಸನ್ನು ಯಾರೋ ಕತ್ತರಿಸಿರಬೇಕೆಂದು ಬಹುಕಾಲ ನಂಬಿದ್ದರು. ಪರೀಕ್ಷಿಸಿ ನೋಡಿದಾಗ ಹಾಗೇನೂ ಆಗಿಲ್ಲವೆಂದು ತಿಳಿಯಿತು. ಕೈಗಳನ್ನು ಅಲ್ಲಿಗೇ ನಿಲ್ಲಿಸುವುದು ರಫೇಲ್‌ನ ನಿರ್ಧಾರ. ನಾನು ಆ ಅಂಚಿನವರೆಗೆ ಕುಂಚ ತಂದು ನಿಲ್ಲಿಸಿದಾಗ ಅದರ ಕಾರಣವೂ ಕಂಡಿತು: ಕೈಗಳು ಪೂರ್ತಿ ಬಂದಿದ್ದರೆ ಮುಖದಷ್ಟೇ ಬೆಳಕು ಅಲ್ಲೂ ಇರುತ್ತಿತ್ತು, ನೋಟ ಎರಡು ಕಡೆ ಹಂಚಿಹೋಗುತ್ತಿತ್ತು.

ರಫೇಲ್ ಕೂಡ ಹೀಗೆಯೇ ಬೆಳೆದವನು. ಅವನ ಎಳೆಯ ಕಾಲದ ಕೆಲಸ ಗುರು ಪೆರುಜಿನೋನ ಕೆಲಸಕ್ಕಿಂತ ಬೇರೆಯೆಂದು ಗುರುತಿಸುವುದೇ ಕಷ್ಟವಾಗಿತ್ತು ಎಂದು ಕಲಾವಿದರ ಚರಿತ್ರೆಕಾರ ವಸಾರಿ ಬರೆಯುತ್ತಾನೆ. ಲೂವ್ರ್ 1793ರಲ್ಲಿ ಸಾರ್ವಜನಿಕರಿಗೆ ಬಾಗಿಲು ತೆರೆದಾಗಿನಿಂದಲೂ ನಕಲು ಮಾಡುವವರಿಗೆ ಅಲ್ಲಿ ಜಾಗವಿದೆ. ಚಿತ್ರಕಾರರಾದ ಮಾನೆ, ದೆಗಾ, ಸೆಜಾನ್ ಇಲ್ಲಿ ಕೂತು ಕಲಿತರು. ಹೆಂಗಸಾದ ನನಗೆ ಇವರಿಗಿಂತ ಹತ್ತಿರವಾದದ್ದು ಚಿತ್ರಕಾರ್ತಿ ಬೆರ್ತ್ ಮೊರಿಸೊ ಮತ್ತು ಆಕೆಯ ಅಕ್ಕ ಎಡ್ಮಾರ ಕಥೆ. 1850ರ ದಶಕದ ಕೊನೆಯಲ್ಲಿ ಅವರಿಬ್ಬರೂ ಇಲ್ಲಿ ನಕಲು ಮಾಡುತ್ತಿದ್ದರು. ಪ್ಯಾರಿಸ್ಸಿನ ಸರ್ಕಾರಿ ಕಲಾಶಾಲೆ ಹೆಣ್ಣುಮಕ್ಕಳನ್ನು ಸೇರಿಸಿಕೊಂಡದ್ದು 1897ರಲ್ಲಿ. ಅಲ್ಲಿಯವರೆಗೆ ಚಿತ್ರ ಬರೆಯಬೇಕೆಂದಿದ್ದ ಎಷ್ಟೋ ಹೆಣ್ಣುಮಕ್ಕಳಿಗೆ ಈ ಗೋಡೆಗಳೇ ಶಾಲೆ, ಸತ್ತುಹೋದ ಕಲಾವಿದರೇ ಮೇಷ್ಟರು.

ನಮ್ಮಲ್ಲಿ ಚಿತ್ರ ಬರೆಯುವವರಿಗೆ ನಕಲು ಎಂದರೆ ಮುಜುಗರ. ಸ್ವಂತದ್ದೇನು ಎಂದು ಮೊದಲ ದಿನವೇ ಕೇಳುತ್ತೇವೆ. ಅದೇ ಸಂಗೀತದ ಪಾಠದಲ್ಲಿ ಗುರು ಹಾಡಿದ ಕೃತಿಯನ್ನು ಸಂಗತಿ ಸಂಗತಿಯಾಗಿ ಹಾಗೇ ಒಪ್ಪಿಸುವ ಹುಡುಗಿಯನ್ನು ನಕಲು ಮಾಡುತ್ತಿದ್ದಾಳೆ ಎಂದು ಯಾರೂ ಅನ್ನುವುದಿಲ್ಲ. ಪಾಠ ಗಟ್ಟಿಯಾಗುತ್ತಿದೆ ಎನ್ನುತ್ತೇವೆ. ಮುಂದೊಂದು ದಿನ ಆಕೆಯ ಮನೋಧರ್ಮಕ್ಕೆ ನಿಲ್ಲಲು ನೆಲ ಬೇಕಲ್ಲ. ಅದು ಈ ಒಪ್ಪಿಸುವಿಕೆಯಲ್ಲೇ ಸಿದ್ಧವಾಗುತ್ತದೆ. ಚಿತ್ರದ ಮಟ್ಟಿಗೂ ಇದು ನಿಜವೆಂದು ನಾನು ನಂಬುತ್ತೇನೆ, ಅನುಭವದಿಂದ.

ಆ ಅನುಭವ ಬಂದದ್ದು ಮಾವನವರು ನಮ್ಮ ಮನೆಗೆ ಬಂದ ಚಳಿಗಾಲದಲ್ಲಿ. ಅಷ್ಟು ಹೊತ್ತಿಗೆ ನನ್ನ ಕಾಸ್ತಿಲ್ಯೋನೆ ಮುದ್ರೆ ಹಾಕಿಸಿಕೊಂಡು ಮನೆ ಸೇರಿದ್ದ. ಮಾವನವರು ಬೂದು ಬಣ್ಣದ ಉಣ್ಣೆಯ ಶಾಲು ಹೊದ್ದು ಕಿಟಕಿಯ ಬಳಿ ಕೂತು ಪುಸ್ತಕ ಓದುವುದು ರೂಢಿ. ಬರೆಯಲೇ ಎಂದು ಕೇಳಿದಾಗ ಒಪ್ಪಿದರು. ಕೂತ ಮೇಲೆ ಒಂದೇ ಮಾತು ಹೇಳಿದರು: "ನೋಡಮ್ಮ, ಬೆಳ್ಳಗೆ ಮಾಡಬೇಡ. ನನ್ನ ಬಣ್ಣ ಹೇಗಿದೆಯೋ ಹಾಗೇ ಇರಲಿ."

"ಆಗಲಿ ಮಾವ," ಎಂದೆ.

ಕಾಸ್ತಿಲ್ಯೋನೆಗೆ ಕಲಸಿದ ಯಾವ ಬಣ್ಣವೂ ಅವರ ಮುಖಕ್ಕೆ ಹೊಂದುವಂತಿರಲಿಲ್ಲ. ಓಕರ್ ಮತ್ತು ಬಿಳಿಯ ಜಾಗಕ್ಕೆ ಬರ್ಂಟ್ ಸಿಯೆನ್ನಾ, ಅಂಬರ್, ಅಲ್ಟ್ರಾಮರೀನ್ ಬಂದವು. ಕಪ್ಪು ಮೈಯಲ್ಲಿ ಬೆಳಕು ಬೀಳುವ ರೀತಿಯೇ ಬೇರೆ. ಹಣೆಯ ಮೇಲೆ, ಮೂಗಿನ ಏಣಿನ ಮೇಲೆ ಆಕಾಶದ ತಂಪು ಬಣ್ಣ ಹೊಳಪಾಗಿ ನಿಲ್ಲುತ್ತದೆ. ನೆರಳಿನಲ್ಲಿ ಕೆಂಪು ಕಾಯುತ್ತಿರುತ್ತದೆ. ಆದರೆ ಕೇಳಬೇಕಾದ ಪ್ರಶ್ನೆಗಳು ಅವೇ. ಪಕ್ಕದ್ದಕ್ಕಿಂತ ಕಪ್ಪೇ, ಬಿಳುಪೇ? ಬಿಸಿಯೇ, ತಂಪೇ? ಈ ಅಂಚು ಚೂಪಾಗಿರಲೇ, ಕರಗಲೇ? ಶಾಲಿನ ಬೂದಿಗೆ ಎಷ್ಟು ಕೆಲಸ ಸಾಕು? ಜೀವಂತ ಮನುಷ್ಯ ಎದುರು ಕೂತಾಗ ಆಗುವ ಗಡಿಬಿಡಿ ಆಗಲಿಲ್ಲ, ಯಾಕೆಂದರೆ ಮೊದಲು ಏನು, ಆಮೇಲೆ ಏನು ಎಂಬುದು ಕೈಗೆ ಗೊತ್ತಿತ್ತು. ಮನಸ್ಸು ಬಿಡುವಾಗಿ ಮಾವನವರನ್ನು ನೋಡುತ್ತಿತ್ತು: ಓದುವಾಗ ಕೆಳತುಟಿ ಒಳಗೆಳೆದುಕೊಳ್ಳುವುದು, ಕನ್ನಡಕದ ಮೇಲಿಂದ ಕಣ್ಣೆತ್ತುವಾಗ ಹುಬ್ಬು ಒಂದೇ ಕಡೆ ಏರುವುದು. ಚಿತ್ರ ಮುಗಿದಾಗ ಅವರು ಹತ್ತಿರ ಬಂದು ಬಹಳ ಹೊತ್ತು ನೋಡಿದರು. "ನಮ್ಮಪ್ಪನ ಹಾಗೇ ಕಾಣ್ತೀನಿ ಕಣಮ್ಮ," ಎಂದರು. ಅವರ ತಂದೆಯನ್ನು ನಾನು ಕಂಡವಳಲ್ಲ. ಆ ಮುಖದಲ್ಲಿದ್ದ ದೂರಗಳ ನಂಟನ್ನು ಬರೆದಿದ್ದೆ. ಮನೆತನದ ಹೋಲಿಕೆ ತಾನಾಗಿ ಜೊತೆಗೆ ಬಂದಿತ್ತು.

ಕಾಸ್ತಿಲ್ಯೋನೆ 1519ರಲ್ಲಿ ಲ್ಯಾಟಿನ್ನಿನಲ್ಲಿ ಒಂದು ಕವಿತೆ ಬರೆದ. ದೂರದಲ್ಲಿರುವ ಗಂಡನಿಗೆ ಹೆಂಡತಿ ಇಪ್ಪೋಲಿತಾ ಬರೆದ ಓಲೆಯ ರೂಪದಲ್ಲಿದೆ ಅದು. ರಫೇಲ್ ಬರೆದ ಚಿತ್ರದ ಜೊತೆ ಆಕೆ ಮಾತಾಡುತ್ತಾಳೆ, ನಗುತ್ತಾಳೆ. ಪುಟ್ಟ ಮಗ ಅಪ್ಪನನ್ನು ಗುರುತು ಹಿಡಿಯುತ್ತಾನೆ. ಭಾವಚಿತ್ರದಿಂದ ಒಂದು ಮನೆ ಕೇಳುವುದು ಇದನ್ನೇ: ಇಲ್ಲದವರು ಇರುವಂತೆ ಆಗಬೇಕು. ಅಷ್ಟು ದೊಡ್ಡ ಜವಾಬ್ದಾರಿಯ ಕೆಲಸಕ್ಕೆ ಕೈಯನ್ನು ತಯಾರು ಮಾಡುವುದು ಸಣ್ಣ ಸಂಗತಿಯಲ್ಲ.

ಈಗ ಚಿತ್ರಕಲೆ ಕಲಿಯುವ ಹುಡುಗ ಹುಡುಗಿಯರು ಕೇಳಿದರೆ ನಾನು ಹೇಳುವುದು ಒಂದೇ. ನೂರು ಚಿತ್ರಗಳನ್ನು ಫೋನಿನಲ್ಲಿ ನೋಡುವ ಬದಲು ಒಂದನ್ನು ಆರಿಸಿಕೊಂಡು, ಅದರ ಎದುರು ಕೂತು, ಅದು ತನ್ನ ಲೆಕ್ಕವನ್ನೆಲ್ಲ ಬಿಟ್ಟುಕೊಡುವವರೆಗೂ ಬರೆಯಿರಿ. ಅಚ್ಚಿನಲ್ಲಿ, ಪರದೆಯಲ್ಲಿ ಪದರಗಳು ಕಾಣುವುದಿಲ್ಲ, ಮೂಲವೇ ಬೇಕು. ಅದಕ್ಕಾಗಿಯೇ ನಮ್ಮ ಚಿತ್ರಶಾಲೆಗಳ ಹೊಣೆ ಹೊತ್ತವರಲ್ಲಿ ನನ್ನದೊಂದು ಕೋರಿಕೆ. ಕಲಿಯುವವರಿಗೆ ಬೆಳಗಿನ ಒಂದಷ್ಟು ಹೊತ್ತನ್ನು ಮೀಸಲಿಡಿ, ಬಣ್ಣ ತಂದು ಕೂರಲು ಬಿಡಿ, ಅಳತೆಯ ನಿಯಮವನ್ನೂ ಬೇಕಾದರೆ ಹಾಕಿ. ಮೈಸೂರಿನ ಮಗುವೊಂದು ಮೈಸೂರಿನಲ್ಲೇ ರವಿವರ್ಮನ ಎದುರು ತಿಂಗಳುಗಟ್ಟಲೆ ಕೂತು ಬಣ್ಣ ಕಲಸುವಂತಾದರೆ, ನಮ್ಮ ಮೈಬಣ್ಣವನ್ನೂ ನಮ್ಮ ರೇಷ್ಮೆಯನ್ನೂ ಬರೆಯಲು ಕಲಿಯುವುದಕ್ಕೆ ಯಾರೂ ಸಮುದ್ರ ದಾಟಬೇಕಾಗಿಲ್ಲ.